ಫಾಗ್ ಲೈಟ್, ಕ್ಯಾಮೆರಾ ವೈರಿಂಗ್ ತಪ್ಪಾಗಿರುವ ಬಗ್ಗೆ ದೂರು

ಗೆ,
ಮಾಲೀಕರು,
ವಾಹನ ಆಕ್ಸೆಸರೀಸ್ ಅಂಗಡಿ,
ವಿಜಯಪುರ

ವಿಷಯ: ಸುಟ್ಟ ವೈರು ಬದಲಿಸಿ, ವೈರಿಂಗ್ ಹೊಸದಾಗಿ ಮಾಡಿಕೊಡುವ ಬಗ್ಗೆ

ಮಾನ್ಯರೇ,

ನಮ್ಮ ಪಿಕಪ್ ಗಾಡಿಗೆ ನಿಮ್ಮಲ್ಲಿ ಎರಡು ಫಾಗ್ ಲೈಟು, ಒಂದು ಡ್ಯಾಶ್ ಕ್ಯಾಮೆರಾ ಹಾಕಿಸಿದ್ದೆ. ಬಿಲ್ಲಿನ ಪ್ರತಿ ಜೊತೆಗಿದೆ. ಅಲ್ಲಿಂದ ಶುರುವಾದ ತೊಂದರೆ ಇನ್ನೂ ನಿಂತಿಲ್ಲ. ನಾಲ್ಕೈದು ದಿನ ಗಾಡಿ ನಿಂತರೆ ಸ್ಟಾರ್ಟ್ ಆಗುವುದಿಲ್ಲ. ಫಾಗ್ ಲೈಟ್ ಹಾಕಿದರೆ ಹೆಡ್‌ಲೈಟ್ ಮಂಕಾಗುತ್ತದೆ, ಡ್ಯಾಶ್‌ಬೋರ್ಡಿನಿಂದ ಸುಟ್ಟ ವಾಸನೆ ಬರುತ್ತದೆ.

ಫೋನಿನಲ್ಲಿ ಹೇಳಿದಾಗ "ಬ್ಯಾಟರಿ ಹಳೇದು, ಬದಲಿಸಿ" ಅಂದಿರಿ. ಬ್ಯಾಟರಿಯಲ್ಲಿ ತಪ್ಪಿಲ್ಲ. ಫುಲ್ ಚಾರ್ಜ್ ಮಾಡಿಸಿ, ಟರ್ಮಿನಲ್ ಬಿಚ್ಚಿ ರಾತ್ರಿಯಿಡೀ ಬಿಟ್ಟರೂ ಬೆಳಿಗ್ಗೆ 12.6 ವೋಲ್ಟ್ ಇತ್ತು. ಇಂಜಿನ್ ಚಾಲೂ ಮಾಡಿದರೆ 14.2 ತೋರಿಸುತ್ತದೆ, ಅಂದರೆ ಚಾರ್ಜಿಂಗೂ ಸರಿಯಾಗಿದೆ. ಚಾವಿ ತೆಗೆದ ಮೇಲೆ ನಮ್ಮೂರ ಎಲೆಕ್ಟ್ರಿಷಿಯನ್ ಬ್ಯಾಟರಿಯ ನೆಗೆಟಿವ್ ಲೈನಿಗೆ ಮೀಟರ್ ಹಚ್ಚಿ ನೋಡಿದರು. ನಿಂತ ಗಾಡಿ 50 ಮಿಲಿಆಂಪಿಯರಿಗಿಂತ ಜಾಸ್ತಿ ಎಳೆಯಬಾರದು. ನಮ್ಮದು 400 ಎಳೆಯುತ್ತಿತ್ತು. ಕ್ಯಾಮೆರಾದ ವೈರು ಬಿಚ್ಚಿದ ಕೂಡಲೇ ಸರಿಹೋಯಿತು. ಚಾವಿ ಲೈನಿಗೆ (ಚಾವಿ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಲೈನು) ಕೊಡಬೇಕಾದ ಕ್ಯಾಮೆರಾವನ್ನು ನೇರ ಬ್ಯಾಟರಿ ಲೈನಿಗೆ ಕೊಟ್ಟಿದ್ದಾರೆ.

ಇದಾದರೂ ಗಾಡಿ ತಳ್ಳಿ ಸ್ಟಾರ್ಟ್ ಮಾಡಿಕೊಳ್ಳಬಹುದು. ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಫಾಗ್ ಲೈಟಿನ ಕೆಲಸ. 55 ವ್ಯಾಟಿನ ಎರಡು ಬಲ್ಬು ಅಂದರೆ 12 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್. ಅಷ್ಟು ಲೋಡನ್ನು ನಿಮ್ಮ ಹುಡುಗರು ಹೆಡ್‌ಲೈಟಿನ ವೈರನ್ನೇ ಸುಲಿದು, ತಿರುಚಿ, ಟೇಪ್ ಸುತ್ತಿ ತೆಗೆದುಕೊಂಡಿದ್ದಾರೆ. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಲೋಡನ್ನು ಆನ್-ಆಫ್ ಮಾಡುವ ಸ್ವಿಚ್ಚು) ಇಲ್ಲ. ಬೇರೆ ಫ್ಯೂಸೂ ಇಲ್ಲ. ಮೇಲಾಗಿ ಕಂಪನಿಯವರು 15 ಎಂದು ಬರೆದ ಜಾಗದಲ್ಲಿ 30 ಆಂಪಿಯರಿನ ಫ್ಯೂಸ್ ಸಿಕ್ಕಿತು! ಅದನ್ನು ಹಾಕಿದವರು ಯಾರು? ನಿಮ್ಮಲ್ಲಿ ಬಿಟ್ಟು ಆ ವೈರಿಂಗನ್ನು ಬೇರೆ ಯಾರೂ ಮುಟ್ಟಿಲ್ಲ. ವೈರು ಬಿಸಿಯಾಗುವ ಮೊದಲೇ ಫ್ಯೂಸ್ ಹೋಗಬೇಕು, ಅದು ಇರುವುದೇ ಅದಕ್ಕೆ. ಇಲ್ಲಿ ಫ್ಯೂಸ್ ಉಳಿದಿದೆ, ವೈರಿನ ಪ್ಲಾಸ್ಟಿಕ್ ಕರಗಿ ಪಕ್ಕದ ವೈರಿಗೆ ಅಂಟಿದೆ. ಫೋಟೋ ಕಳಿಸಿದ್ದೇನೆ, ದಯವಿಟ್ಟು ನೋಡಿ.

ಈ ಗಾಡಿ ತಿಕೋಟಾದಿಂದ ಅಥಣಿ ಮೇಲೆ ಸಾಂಗ್ಲಿ ಕಡೆ ಒಣದ್ರಾಕ್ಷಿ ಒಯ್ಯುತ್ತದೆ. ಹೆಚ್ಚಾಗಿ ರಾತ್ರಿಯೇ. ಹಿಂದೆ ರಟ್ಟಿನ ಬಾಕ್ಸು ತುಂಬಿರುತ್ತವೆ, ಮುಂದೆ ನನ್ನ ತಮ್ಮ ಕೂತಿರುತ್ತಾನೆ. ದಾರಿಯಲ್ಲಿ ಬೆಂಕಿ ಹತ್ತಿದ್ದರೆ ಅವನ ಗತಿ ಏನಾಗಬೇಕಿತ್ತು?

ಸುಟ್ಟ ವೈರನ್ನು ನಿಮ್ಮ ಖರ್ಚಿನಲ್ಲಿ ಬದಲಿಸಿಕೊಡಿ. ಫಾಗ್ ಲೈಟಿಗೆ ಬ್ಯಾಟರಿಯಿಂದಲೇ ಬೇರೆ ದಪ್ಪ ವೈರು ಎಳೆದು, ಬ್ಯಾಟರಿ ಹತ್ತಿರವೇ 15 ಆಂಪಿಯರ್ ಫ್ಯೂಸ್, ಮುಂದೆ ರಿಲೇ ಹಾಕಿ. ಡ್ಯಾಶ್‌ಬೋರ್ಡಿನ ಸ್ವಿಚ್ಚು ರಿಲೇಯನ್ನು ಮಾತ್ರ ನಡೆಸಲಿ. ಹೆಡ್‌ಲೈಟಿಗೆ ಮೊದಲಿನ 15ರ ಫ್ಯೂಸೇ ಇರಲಿ. ಕ್ಯಾಮೆರಾ ಚಾವಿ ಲೈನಿಗೆ ಬರಲಿ. ಇದೆಲ್ಲ ಆಗದಿದ್ದರೆ ಬಿಲ್ಲಿನ ಪೂರ್ತಿ ಹಣ ಮತ್ತು ವೈರಿಂಗ್ ರಿಪೇರಿ ಖರ್ಚು ವಾಪಸ್ ಕೊಡಿ. ಅದೇ ಹುಡುಗರು ಬೇರೆ ಗಾಡಿಗಳಿಗೂ ಹೀಗೇ ಹಾಕಿರಬಹುದು, ಅಲ್ವಾ? ಆ ಗಾಡಿಯವರನ್ನೂ ಕರೆಸಿ ಒಮ್ಮೆ ಚೆಕ್ ಮಾಡಿಕೊಡಿ.

15 ದಿನದೊಳಗೆ ಬರವಣಿಗೆಯಲ್ಲಿ ಉತ್ತರ ಬೇಕು. ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ತೆಗೆದ 30ರ ಫ್ಯೂಸು ಮತ್ತು ಕರಗಿದ ವೈರಿನ ತುಂಡು ನನ್ನ ಹತ್ತಿರ ಇವೆ.

ಇಂತಿ,
ನಿಮ್ಮ ಗ್ರಾಹಕ,
ತಿಕೋಟಾ, ವಿಜಯಪುರ ಜಿಲ್ಲೆ