ಅಪ್ಪನ ನಂತರ ನಮ್ಮ ಬೈಂಡಿಂಗ್ ಕೆಲಸ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ನಿಮ್ಮಲ್ಲಿ ಬಹುತೇಕರ ಪುಸ್ತಕಗಳನ್ನು ತಮ್ಮ ಕೈಯಾರೆ ಕಟ್ಟಿಕೊಟ್ಟ ನಮ್ಮ ಅಪ್ಪ ಕಳೆದ ತಿಂಗಳು ತೀರಿಕೊಂಡರು. ಎಷ್ಟೋ ಜನ ಫೋನ್ ಮಾಡಿದಿರಿ, ಕೆಲವರು ಬಂದು ಅಮ್ಮನ ಹತ್ತಿರ ಸುಮ್ಮನೆ ಕೂತು ಹೋದಿರಿ. ಅದನ್ನು ಮರೆಯಲಾರೆವು. ಕೆಲಸ ನಿಲ್ಲಿಸುತ್ತಿಲ್ಲ. ಆದರೆ ಕೆಲವು ಬದಲಾವಣೆಗಳನ್ನು ನಿಮಗೆ ಹೇಳಲೇಬೇಕು.

ಪುಸ್ತಕದ ಬೆನ್ನಿನ ಮೇಲೆ ಚಿನ್ನದ ಬಣ್ಣದ ಅಕ್ಷರ ಒತ್ತುವುದನ್ನು ಸದ್ಯಕ್ಕೆ ಬಿಡುತ್ತಿದ್ದೇವೆ. ಹಿತ್ತಾಳೆಯ ಅಚ್ಚು ಹೆಚ್ಚು ಕಾದರೆ ಬಟ್ಟೆ ಸುಡುತ್ತದೆ, ಕಾಯದಿದ್ದರೆ ಬಣ್ಣ ಹಿಡಿಯುವುದಿಲ್ಲ. ಅಪ್ಪ ಕಾದ ಅಚ್ಚನ್ನು ಒದ್ದೆ ಬಟ್ಟೆಗೆ ತಾಗಿಸಿ, ಚುಂಯ್ ಎನ್ನುವ ಸದ್ದು ಕೇಳಿಯೇ ಹದ ತಿಳಿಯುತ್ತಿದ್ದರು. ನಾನು ಹಳೆಯ ರಟ್ಟುಗಳ ಮೇಲೆ ದಿನವೂ ಪ್ರಯತ್ನಿಸುತ್ತಿದ್ದೇನೆ. ಆ ಸದ್ದು ನನ್ನ ಕಿವಿಗೆ ಇನ್ನೂ ದಕ್ಕಿಲ್ಲ. ನೀವು ನಂಬಿ ಕೊಟ್ಟ ಪುಸ್ತಕದ ಮೇಲೆ ನಾನು ಕಲಿಯುವುದು ಸರಿಯಲ್ಲ. ಅಲ್ಲಿಯವರೆಗೆ ಹೆಸರು ಮುದ್ರಿಸಿದ ಚೀಟಿಯನ್ನು ಬೆನ್ನಿಗೆ ಅಂಟಿಸಿ ಕೊಡುತ್ತೇವೆ.

ಒಂದು ವಾರಕ್ಕೆ ಸಿಗುತ್ತಿದ್ದ ಪುಸ್ತಕಕ್ಕೆ ಇನ್ನು ಮೂರು ವಾರ ಬೇಕು. ಇದರ ಕಾರಣ ಸ್ವಲ್ಪ ವಿವರಿಸುತ್ತೇನೆ. ದಾರದ ಹೊಲಿಗೆ ಮೊದಲಿನಿಂದಲೂ ಅಮ್ಮನದು. ದೊಡ್ಡ ಹಾಳೆಯನ್ನು ಮೂರು ಸಲ ಮಡಿಚಿದರೆ 16 ಪುಟಗಳ ಒಂದು ಫಾರಂ. 320 ಪುಟಗಳ ಪುಸ್ತಕವೆಂದರೆ ಅಂಥ 20 ಫಾರಂ. ಸಂಜೆ ಅಪ್ಪ ಅವನ್ನು ಒಂದೊಂದಾಗಿ ಎತ್ತಿಕೊಡುವರು, ಅಮ್ಮ ಮೇಣ ಹಚ್ಚಿದ ದಾರದಿಂದ ಹೊಲಿಯುವರು. ಕೊಡುವ ಮುಂಚೆ ಅಪ್ಪ ತೆರೆದ ಪುಟದಿಂದ ನಾಲ್ಕು ಸಾಲು ಗಟ್ಟಿಯಾಗಿ ಓದುತ್ತಿದ್ದರು. ಮದುವೆಯಾದ ವರ್ಷದಿಂದ ನಡೆದ ಪದ್ಧತಿ. ಹೀಗಾಗಿ ಅಮ್ಮನಿಗೆ ಎಷ್ಟೋ ಕಾದಂಬರಿಗಳ ಅಲ್ಲೊಂದು ಇಲ್ಲೊಂದು ಸಾಲು ಬಾಯಿಪಾಠ. ಈಗ ಎತ್ತಿಕೊಡುವವಳು ನನ್ನ ಮಗಳು. ಅವಳೂ ಓದುತ್ತಾಳೆ, ಅಕ್ಷರ ಕೂಡಿಸಿಕೊಂಡು, ನಿಧಾನವಾಗಿ. ಅಮ್ಮ ಸೂಜಿ ಹಿಡಿದು ಕಾಯುತ್ತಾರೆ. ಇಬ್ಬರನ್ನೂ ಅವಸರಪಡಿಸುವ ಮನಸ್ಸು ನನಗಿಲ್ಲ.

ಮಗಳ ಹತ್ತಿರ ಬೆರಳುದ್ದದ ಪುಸ್ತಕಗಳ ಒಂದು ಡಬ್ಬಿಯೇ ಇದೆ. ನಿಮ್ಮ ಪುಸ್ತಕಗಳ ಅಂಚು ಕತ್ತರಿಸಿದಾಗ ಉಳಿದ ಚೂರುಗಳನ್ನು ಜೋಡಿಸಿ ಅವಳ ತಾತ ಹೊಲಿದುಕೊಟ್ಟವು. ಅವಕ್ಕೂ ರಟ್ಟಿದೆ, ಬೆನ್ನಿದೆ.

ಉಳಿದದ್ದೆಲ್ಲ ಮೊದಲಿನಂತೆಯೇ. ಹುಳ ಹಿಡಿಯದಂತೆ ಅಂಟಿಗೆ ಮೈಲುತುತ್ತ ಬೆರೆಸುವುದು, ಅಂಟು ಒಣಗುವವರೆಗೆ ಪ್ರೆಸ್ಸಿನಿಂದ ತೆಗೆಯದಿರುವುದು, ಹಿಂದಿನ ರಟ್ಟಿನ ಒಳಗೆ ಕಾಗದದ ಜೇಬು ಮಾಡುವುದು. ಪುಟಗಳ ನಡುವೆ ಸಿಕ್ಕ ಪತ್ರ, ರಸೀದಿ, ಒಣಗಿದ ಎಲೆ, ಏನೇ ಇರಲಿ ಅಪ್ಪ ಆ ಜೇಬಿನಲ್ಲಿಟ್ಟು ಹಿಂದಿರುಗಿಸುತ್ತಿದ್ದರು. ಪತ್ರಗಳನ್ನು ಓದುತ್ತಿರಲಿಲ್ಲ. ನಾವೂ ಓದುವುದಿಲ್ಲ. ಅವರ ಪರವಾಗಿ ಒಂದು ಕೋರಿಕೆ: ಹರಿದ ಪುಟಕ್ಕೆ ದಯವಿಟ್ಟು ಟೇಪು ಅಂಟಿಸಬೇಡಿ. ಅದರ ಗೋಂದು ಕಾಲಕ್ರಮೇಣ ಹಳದಿಯಾಗಿ ಕಾಗದದೊಳಕ್ಕೆ ಇಳಿಯುತ್ತದೆ, ಆಮೇಲೆ ಬಿಡಿಸುವುದು ಬಹಳ ಕಷ್ಟ. ಹರಿದದ್ದನ್ನು ಹಾಗೆಯೇ ತನ್ನಿ, ತುಂಡುಗಳನ್ನೂ ತನ್ನಿ.

ಕೊನೆಯದಾಗಿ, ಅಪ್ಪನ ಮೇಜಿನ ಮೇಲೆ ಏಳು ಪುಸ್ತಕಗಳಿವೆ. ಅವುಗಳಲ್ಲಿ ಹೆಸರಿನ ಚೀಟಿ ಇಲ್ಲ. ಯಾರ ಪುಸ್ತಕ ಯಾವುದೆಂದು ಅವರು ಮುಖ ನೋಡಿಯೇ ನೆನಪಿಡುತ್ತಿದ್ದರು. ಒಂದು ನಿಘಂಟು, ಎರಡು ವ್ಯಾಕರಣ, ಒಂದು ಕೈಬರಹದ ಹಾಡಿನ ಪುಸ್ತಕ, ಮೂರು ಕಾದಂಬರಿ. ನಿಮ್ಮದಾಗಿದ್ದರೆ ಬಂದು ಗುರುತು ಹೇಳಿ. ನಿಘಂಟಿನ ಬೆನ್ನಿನ ಮೇಲೆ ಚಿನ್ನದ ಅಕ್ಷರ ಅರ್ಧಕ್ಕೇ ನಿಂತಿದೆ. ಅದರ ಮೇಲೆ ಚೀಟಿ ಅಂಟಿಸಬೇಕೋ, ಹಾಗೆಯೇ ಬಿಡಬೇಕೋ, ಆ ಪುಸ್ತಕದವರು ಹೇಳಿದಂತೆ ಮಾಡುತ್ತೇವೆ.