ಒಂದು ಕಪ್ ಮೈದಾ 250 ಗ್ರಾಂ ಅಲ್ಲ

ಮಾನ್ಯರೇ,

ನಿಮ್ಮ ಪುರವಣಿಯ ಮೊಟ್ಟೆ ಹಾಕದ ಕೇಕ್ ಓದಿ, ಕಳೆದ ಭಾನುವಾರ ಮೊಮ್ಮಗಳೂ ನಾನೂ ಅಡುಗೆಮನೆ ಹೊಕ್ಕೆವು. "ಮೈದಾ 1 ಕಪ್ (250 ಗ್ರಾಂ), ಸಕ್ಕರೆ ಮುಕ್ಕಾಲು ಕಪ್, ಹಾಲು ಅರ್ಧ ಕಪ್, ಮೊಸರು ಕಾಲು ಕಪ್, ಎಣ್ಣೆ ಕಾಲು ಕಪ್" ಎಂದಿತ್ತು. ನಾನು 32 ವರ್ಷ ದಿನಸಿ ಅಂಗಡಿ ನಡೆಸಿದವನು. ಕಪ್ಪು ಗಿಪ್ಪು ಯಾಕೆ ಅಂತ ಮೈದಾವನ್ನು ತಕ್ಕಡಿಗೆ ಹಾಕಿ 250 ಗ್ರಾಂ ತೂಗಿದೆ. ಉಳಿದದ್ದನ್ನು ಮೊಮ್ಮಗಳು ಪ್ಲಾಸ್ಟಿಕ್ ಅಳತೆ ಕಪ್ಪಿನಲ್ಲಿ ಅಳೆದಳು.

ಪಾತ್ರೆಗೆ ಸುರಿಯಬೇಕಾದ ಹಿಟ್ಟನ್ನು ಸೌಟಿನಲ್ಲಿ ಕೆರೆದು ಹಾಕಿ, ಒದ್ದೆ ಕೈಯಲ್ಲಿ ತಟ್ಟಬೇಕಾಯಿತು. ಕುಕ್ಕರಿನಲ್ಲಿ ಉಪ್ಪು ಹರಡಿ, ವಿಷಲ್ ತೆಗೆದು, 50 ನಿಮಿಷ ಇಟ್ಟೆವು. ಹೊರಗೆ ಬಂದದ್ದನ್ನು ನನ್ನ ಹೆಂಡತಿ ಎತ್ತಿ ನೋಡಿ, "ಗಾಳಿಗೆ ಹಿತ್ತಿಲ ಬಾಗಿಲು ಬಡ್ಕೊಳ್ತಾ ಇರುತ್ತಲ್ಲ, ಅದಕ್ಕೆ ಒತ್ತು ಕೊಡೋಕೆ ಇಟ್ಕೊಳ್ಳೋಣ" ಅಂದಳು. ಮೊಮ್ಮಗಳು ಅತ್ತೇಬಿಟ್ಟಳು.

ಸಂಜೆ ಆ ಕಪ್ಪನ್ನೇ ತಕ್ಕಡಿ ಮೇಲಿಟ್ಟೆ. ತಳದಲ್ಲಿ 250 ಮಿಲಿ ಎಂದು ಬರೆದಿದೆ. ನೀರು ತುಂಬಿದರೆ 250 ಗ್ರಾಂ, ಸರಿಯಾಗಿದೆ. ಜರಡಿ ಹಿಡಿದ ಮೈದಾ ತುಂಬಿದರೆ ಬರೀ 128! ಕುಟ್ಟಿ ಕುಟ್ಟಿ ತುಂಬಿದರೂ 160 ದಾಟಲಿಲ್ಲ. ಅಂದರೆ ಕೇಕಿಗೆ ಎರಡರಷ್ಟು ಹಿಟ್ಟು ಹಾಕಿದ್ದೆ. ಹಟ ಹಿಡಿದು ಬೇರೆಯವನ್ನೂ ತೂಗಿದೆ. ಸಕ್ಕರೆ 212, ಚಿರೋಟಿ ರವೆ 172, ತುಪ್ಪ 228. ತೆಳು ಅವಲಕ್ಕಿ 40 ಗ್ರಾಂ ಕೂಡ ತೂಗಲಿಲ್ಲ.

ನನಗೇ ಹೊಳೆಯಬೇಕಿತ್ತು, ಅಲ್ವಾ? ನಮ್ಮ ಸಂತೆಯಲ್ಲಿ ಇವತ್ತಿಗೂ ಕಡ್ಲೆಪುರಿಯನ್ನು ಸೇರಿನಲ್ಲೇ ಅಳೆದು ಕೊಡುತ್ತಾರೆ. ಒಂದು ಸೇರು ಪುರಿಯೂ ಒಂದು ಸೇರು ಅಕ್ಕಿಯೂ ಒಂದೇ ತೂಕ ಅಂತ ಮಕ್ಕಳೂ ಹೇಳುವುದಿಲ್ಲ. ಎಣ್ಣೆ ಪ್ಯಾಕೆಟ್ಟಿನ ಮೇಲೆ 1 ಲೀಟರ್, 910 ಗ್ರಾಂ ಎಂದು ಎರಡೂ ಅಚ್ಚಾಗಿದ್ದನ್ನು ಅಂಗಡಿಯಲ್ಲಿ ದಿನಾ ನೋಡುತ್ತಿದ್ದವನು ನಾನು. ಆದರೂ ಪತ್ರಿಕೆಯಲ್ಲಿ ಬಂದಿದೆ ಅಂತ ಸುಮ್ನೆ ನಂಬಿದೆ.

ಕಪ್ಪಿನ ಅಳತೆ ಬೇಡ ಅಂತ ನನ್ನ ಮಾತಲ್ಲ. ನನ್ನ ಹೆಂಡತಿ ಇಡ್ಲಿಗೆ ಒಂದು ಪಾವು ಉದ್ದಿನಬೇಳೆ, ಮೂರು ಪಾವು ಅಕ್ಕಿ ನೆನೆಹಾಕುತ್ತಾಳೆ. ಅವಳ ಅತ್ತೆ ಕೊಟ್ಟ ಹಿತ್ತಾಳೆ ಪಾವು. ಅದು ಎಷ್ಟು ಮಿಲಿ ಅಂತ ಅವಳಿಗೆ ಬೇಕಾಗಿಯೇ ಇಲ್ಲ, ಎರಡಕ್ಕೂ ಅದೇ ಪಾವು ತಾನೆ. ಹಾಗೆ ಎಲ್ಲವನ್ನೂ ಕಪ್ಪಿನಲ್ಲೇ ಹೇಳಿ, ಇಲ್ಲವೇ ಎಲ್ಲವನ್ನೂ ತೂಕದಲ್ಲಿ ಹೇಳಿ. ಎರಡನ್ನೂ ಹಾಕುವುದಾದರೆ ಬರೆಯುವವರು ದಯವಿಟ್ಟು ಒಂದು ಸಲ ತೂಗಿ ನೋಡಲಿ. ಕಪ್ ಎಷ್ಟು ಮಿಲಿಯದು ಅಂತಲೂ ಕೆಳಗೆ ಒಂದು ಸಾಲು ಇರಲಿ. ಬೆಂಗಳೂರಿನ ನನ್ನ ತಂಗಿಗೆ ಕಪ್ ಅಂದರೆ ರೈಸ್ ಕುಕ್ಕರಿನ ಜೊತೆ ಬಂದದ್ದು, ಅದು 180 ಮಿಲಿ. ಅಮೆರಿಕದ ಕಪ್ಪು ಸುಮಾರು 240.

ಬರುವ ಭಾನುವಾರ 128 ಗ್ರಾಂ ಮೈದಾ ಹಾಕಿ ಮತ್ತೆ ಮಾಡುತ್ತೇವೆ ಅಂತ ಮೊಮ್ಮಗಳಿಗೆ ಮಾತು ಕೊಟ್ಟಿದ್ದೇನೆ. ಅಡುಗೆ ಸೋಡಾ ಅರ್ಧ ಚಮಚ ಅಂದಿದ್ದೀರಿ. 5 ಮಿಲಿಯ ಟೀ ಚಮಚವೋ, 15 ಮಿಲಿಯ ದೊಡ್ಡ ಚಮಚವೋ? ಶನಿವಾರದೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.

– ಒಬ್ಬ ನಿವೃತ್ತ ದಿನಸಿ ವ್ಯಾಪಾರಿ, ಅರಸೀಕೆರೆ