ಶಾಕ್ ಹೊಡೆಸಿದ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ಮಗನ ಜೊತೆ ದ್ರಾಸ್‌ಗೆ ಹೋಗಿ ನೀನು ಕಳಿಸಿದ ಫೋಟೋ ನೋಡಿದೆ. ಹಿಂದೆ ತೊಲೊಲಿಂಗ್, ಮುಂದೆ ಸ್ಮಾರಕ, ನಡುವೆ ನೀನು. ಹೊಟ್ಟೆ ಬಂದಿದೆಯಲ್ಲೋ!

1999ರ ಕಾರ್ಗಿಲ್ ಯುದ್ಧದಲ್ಲಿ ಆ ತೊಲೊಲಿಂಗ್ ಗುಡ್ಡದ ಮೇಲೆ ಕೂತ ಪಾಕಿಸ್ತಾನದವರಿಗೆ ಶ್ರೀನಗರ–ಲೇಹ್ ರಸ್ತೆ ನಿಚ್ಚಳವಾಗಿ ಕಾಣುತ್ತಿತ್ತು. ಹಗಲು ತಲೆ ಎತ್ತುವ ಹಾಗಿರಲಿಲ್ಲ. ಲಾರಿಗಳು ರಾತ್ರಿ ಹೆಡ್‌ಲೈಟ್ ಆರಿಸಿಕೊಂಡೇ ಓಡುತ್ತಿದ್ದವು. ಶೆಲ್ ಬಿದ್ದರೆ ನಮ್ಮ ಟೆಲಿಫೋನ್ ಕೇಬಲ್ ತುಂಡು. ರೇಡಿಯೋ ಇರಲಿಲ್ವಾ ಅಂತ ಈಗಿನವರು ಕೇಳುತ್ತಾರೆ. ಇತ್ತಪ್ಪಾ, ಆದರೆ ರೇಡಿಯೋ ಮಾತು ಆ ಕಡೆಯವರ ಕಿವಿಗೂ ಬೀಳುತ್ತದೆ. ವೈರಿನದು ಅಷ್ಟು ಸುಲಭಕ್ಕೆ ಬೀಳುವುದಿಲ್ಲ.

ಟಾರ್ಚ್ ಹಾಕುವಂತಿಲ್ಲ. ಕೇಬಲನ್ನು ಕೈಯಲ್ಲಿ ಹಿಡಿದು ಜಾರಿಸುತ್ತಾ ಹೋಗುವುದು. ಎಲ್ಲಿ ಕೈ ಖಾಲಿಯಾಯಿತೋ ಅಲ್ಲಿ ಕಡಿದಿದೆ ಅಂತ ಲೆಕ್ಕ. ಇನ್ನೊಂದು ತುದಿ ಯಾವ ಬಂಡೆ ಸಂದಿಗೆ ಹಾರಿರುತ್ತಿತ್ತೋ, ತಡಕಾಡಿ ಸಾಕಾಗುತ್ತಿತ್ತು. ಬೆರಳು ಮರಗಟ್ಟಿ ಚಾಕು ಹಿಡಿಯಲಾಗದೆ ಹಲ್ಲಿನಲ್ಲೇ ಪ್ಲಾಸ್ಟಿಕ್ ಸುಲಿಯುತ್ತಿದ್ದೆ. ಸರಿಯಾಗಿ ಅದೇ ಹೊತ್ತಿಗೆ ನೀನು ಎಕ್ಸ್‌ಚೇಂಜಿನಲ್ಲಿ ಕೂತು, ಗಂಟೆ ಬಾರಿಸುವ ಕರೆಂಟನ್ನು ವೈರಿಗೆ ಬಿಡುವ ಫೋನಿನ ಹಿಡಿಕೆ ತಿರುಗಿಸುತ್ತಿದ್ದೆ! ಬಾಯೊಳಗೇ ಜುಮ್ ಅಂತ ಶಾಕ್. ನಿಮ್ಮಪ್ಪ, ನಿಮ್ಮಜ್ಜ, ಯಾರನ್ನೂ ಬಿಡದೆ ಬೈದಿದ್ದೇನೆ. ಬೈದು ಮುಗಿಯುವ ಮೊದಲೇ ಜೀವ ಹಗುರಾಗುತ್ತಿತ್ತು. ಶಾಕ್ ಬಂತು ಅಂದರೆ ನಿನ್ನ ಕಡೆ ವೈರ್ ಸರಿಯಾಗಿದೆ, ನೀನೂ ಸರಿಯಾಗಿದ್ದೀಯ. ಈ ಮಾತು ಆಗ ನಿನಗೆ ಹೇಳಿರಲಿಲ್ಲ. ಹೇಳಿದ್ದರೆ ಇನ್ನೂ ಜಾಸ್ತಿ ತಿರುಗಿಸುತ್ತಿದ್ದೆ, ಅಲ್ವಾ?

ಜೂನ್ 13ರಂದು ತೊಲೊಲಿಂಗ್ ನಮ್ಮದಾದ ಸುದ್ದಿಯನ್ನೂ ನೀನು ಆ ವೈರಿನಲ್ಲೇ ಹೇಳಿದೆ. ಅದೇ ಉಸಿರಿನಲ್ಲಿ, "ಬೀಡಿ ಉಳಿದಿದೆಯೇನೋ?" ಅಂದೆ. ಆಮೇಲೆ ಗುಡ್ಡದಿಂದ ಯಾರ್ಯಾರನ್ನು ಕೆಳಗೆ ತಂದರು ಅನ್ನುವುದು ನಿನಗೂ ಗೊತ್ತು, ನನಗೂ ಗೊತ್ತು. ಆ ಯುದ್ಧದಲ್ಲಿ ನಮ್ಮವರು 527 ಜನ ಹೋದರು. ನಿನ್ನ ಫೋಟೋದಲ್ಲಿ ಗೋಡೆಯ ಮೇಲಿನ ಹೆಸರುಗಳನ್ನು ದೊಡ್ಡದು ಮಾಡಿ ಓದುತ್ತಾ ಹೋದೆ. ಕೆಲವು ಕಡೆ ಮುಂದೆ ಹೋಗಲು ಆಗಲಿಲ್ಲ.

ಇಲ್ಲಿ ಹೈಸ್ಕೂಲಿನವರು ಜುಲೈ 26ಕ್ಕೆ ಭಾಷಣ ಮಾಡಿ ಅನ್ನುತ್ತಿದ್ದಾರೆ. ಹುಡುಗರಿಗೆ ಬೇಕಾಗಿರುವುದು ಟೈಗರ್ ಹಿಲ್ ಕಥೆ. ಹತ್ತದ ಗುಡ್ಡದ ಕಥೆ ನಾನು ಸುಮ್ನೆ ಯಾಕೆ ಹೇಳಲಿ? ಹಳೇ ಫೀಲ್ಡ್ ಟೆಲಿಫೋನ್ ಒಂದು ಜೋಡಿ ಹುಡುಕುತ್ತಿದ್ದೇನೆ. ನೀನು ಹಿಂದಿನ ದಿನವೇ ಬಸ್ ಹತ್ತಿ ಬಾ. ಈ ಸಲ ಹಿಡಿಕೆ ನಾನು ತಿರುಗಿಸುತ್ತೇನೆ, ವೈರ್ ನೀನು ಕಚ್ಚು.

ನಿನ್ನ ಲೈನ್‌ಮನ್